ಪ್ರಭಾವತಿಯ ಕಡೆಯ ಯಾನ

ಯುದ್ಧನೌಕೆಯೆಂದೊಡನೆ ಉಕ್ಕಿನ ಕವಚವೂ ಭಾರಿ ತೋಪುಗಳೂ ನಮ್ಮ ಕಣ್ಣಿಗೆ ಕಟ್ಟುತ್ತವೆ. ಆದರೆ ಎರಡನೆಯ ಮಹಾಯುದ್ಧದಲ್ಲಿ ತೋಪು ಹೊತ್ತು ನಿಂತ ಹಡಗುಗಳಲ್ಲಿ ಎಷ್ಟೋ ಯುದ್ಧಕ್ಕೆಂದು ಕಟ್ಟಿದವಲ್ಲ. ಅಂಥದೊಂದು ಪುಟ್ಟ ಹಡಗಿನ ವೃತ್ತಾಂತವನ್ನು ಕೇಳುಗರ ಮುಂದಿಡುತ್ತೇನೆ. ಅದರ ಹೆಸರು ಪ್ರಭಾವತಿ.

ನಮ್ಮ ಪಡುವಣ ತೀರದಲ್ಲಿ ಒಂದು ಕಾಲಕ್ಕೆ ಆಗಬೋಟಿಯೇ ರಾಜಮಾರ್ಗ. ಕೊಂಕಣ ರೈಲು ಮುಂಬಯಿಯನ್ನೂ ಮಂಗಳೂರನ್ನೂ ಕೂಡಿಸಿದ್ದು 1998ರಲ್ಲಿ. ಅದಕ್ಕೆ ಬಹು ಹಿಂದೆ ಕಾರವಾರದ ಕಡೆಯವರು ಮುಂಬಯಿಗೆ ಹಡಗು ಹತ್ತಿ ಹೋಗುತ್ತಿದ್ದರು. ಹಡಗು ದಡ ಮುಟ್ಟಲಾರದ ಸಣ್ಣ ಬಂದರುಗಳಲ್ಲಿ ದೋಣಿಯೇ ಗತಿ. ಮಳೆಗಾಲ ಬಂತೆಂದರೆ ಸಂಚಾರವೇ ಬಂದ್.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಮೊದಲಾಯಿತು. ಆಗಿನ ರಾಯಲ್ ಇಂಡಿಯನ್ ನೇವಿಗೆ ಇದ್ದ ಯುದ್ಧನೌಕೆಗಳು ಬೆರಳೆಣಿಕೆಯವು. ಕಾಯಬೇಕಾದ ಕರಾವಳಿಯೋ ಸಾವಿರಾರು ಮೈಲಿ. ಹೊಸ ಹಡಗು ಕಟ್ಟಿಸುವ ತನಕ ಶತ್ರು ಕಾದಾನೆಯೇ? ಆದಕಾರಣ ಸರಕಾರವು ತೀರದ ಹಡಗುಗಳನ್ನು ತನ್ನ ವಶಕ್ಕೆ ತೆಗೆದುಕೊಂಡು, ತೋಪು ಕೂರಿಸಿ, ಗಸ್ತಿಗೂ ಬಂದರಿನ ಬಾಯಲ್ಲಿ ಮೈನು ತೆಗೆಯುವ ಕೆಲಸಕ್ಕೂ ಹಚ್ಚಿತು. ಸುಮಾರು 550 ಟನ್ನಿನ ಪ್ರಭಾವತಿಯೂ ನೌಕಾಪಡೆಯ ಗಸ್ತು ಹಡಗಾಯಿತು.

1941ರ ಡಿಸೆಂಬರ್ 7ರಂದು ಜಪಾನು ಪರ್ಲ್ ಹಾರ್ಬರಿನ ಮೇಲೆ ಎರಗಿತು. ಹಿಂದೂ ಮಹಾಸಾಗರದಲ್ಲಿಯೂ ಜಪಾನೀ ಜಲಾಂತರ್ಗಾಮಿಯ ಭಯ ಹಬ್ಬಿತು. ಅದಾದ ಒಂದೆರಡು ದಿನಗಳಲ್ಲೇ, ರಾತ್ರಿಯ ವೇಳೆ, ಪ್ರಭಾವತಿ ಎರಡು ಸರಕುದೋಣಿಗಳನ್ನು ಕಟ್ಟಿಕೊಂಡು ಕರಾಚಿಯತ್ತ ಹೊರಟಿತ್ತು. ಅದೇ ನೀರಿನಲ್ಲಿ ಬ್ರಿಟಿಷರ ಗ್ಲಾಸ್ಗೋ ಎಂಬ ಕ್ರೂಸರು ಸಾಗುತ್ತಿತ್ತು. ಒಂಬತ್ತು ಸಾವಿರ ಟನ್ನು, ಆರಂಗುಲದ ಹನ್ನೆರಡು ತೋಪು. ಪಕ್ಕದಲ್ಲಿ ದೋಣಿಗಳಿದ್ದ ಪುಟ್ಟ ಹಡಗು ಕತ್ತಲಲ್ಲಿ ಅದರವರ ಕಣ್ಣಿಗೆ ನೀರಿನ ಮೇಲೆ ತೇಲುವ ಜಪಾನೀ ಜಲಾಂತರ್ಗಾಮಿಯಂತೆ ತೋರಿತು. ಸುಮಾರು ಆರು ಸಾವಿರ ಗಜ ದೂರದಿಂದ ಗುಂಡು ಹಾರಿದವು. ಪ್ರಭಾವತಿ ಮುಳುಗಿತು.

ಹೊಡೆದವರೂ ಹೊಡೆಸಿಕೊಂಡವರೂ ಒಂದೇ ಪಕ್ಷದವರು. ಶಾಂತಿಕಾಲದಲ್ಲಿ ತೀರದ ಹಡಗಿಗೆ ಗೊತ್ತಾದ ಹಾದಿ, ಗೊತ್ತಾದ ವೇಳೆ, ಉರಿಯುವ ದೀಪ. ಬಲೆ ಬೀಸುವ ಮೊಗೇರನೂ ದೂರದಿಂದಲೇ ಅದನ್ನು ಬಲ್ಲ. ಯುದ್ಧದ ಕಡಲಿನಲ್ಲಿ ದೀಪವಾರಿಸಿ ನಡೆಯುವ ಹಡಗಿಗೆ ಆ ಪರಿಚಯವಿಲ್ಲ. ಅಲ್ಲಿ ಕಾಣುವುದು ನೆರಳೊಂದೇ, ಅದನ್ನು ನೋಡುವ ಕಣ್ಣಿನಲ್ಲಿ ಭಯ.

ಮಹಾಯುದ್ಧದ ಚರಿತ್ರೆಯಲ್ಲಿ ಪ್ರಭಾವತಿಗೆ ದೊರೆಯುವುದು ಒಂದೆರಡು ಸಾಲು. ಗೆದ್ದ ಕಾಳಗಗಳನ್ನು ಓದುವಾಗ, ದೋಣಿ ಎಳೆಯುವ ಕೆಲಸದಲ್ಲೇ ಮುಳುಗಿದ ಈ ಹಡಗನ್ನೂ ಅದರಲ್ಲಿದ್ದವರನ್ನೂ ನೆನೆಯುವುದು ನ್ಯಾಯ.