ತಂಪು ನೀರಿನ ಕೂಸು

ಮಿರಗದ ಮಳೆ ಚೆನ್ನಾಗಿ ಬಿದ್ದರೆ ಇಂಡಿ, ಸಿಂದಗಿ ಕಡೆಯ ಎರೆ ಹೊಲಗಳ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯುದ್ದಕ್ಕೂ ಮಣ್ಣೊಳಗೆ ಹುದುಗಿದ್ದ ಕಪ್ಪೆಗಳು ಮೇಲೆದ್ದು, ರಾತ್ರಿಯಿಡೀ ವಟಗುಟ್ಟಿ, ಅದೇ ನೀರಿನಲ್ಲಿ ಮೊಟ್ಟೆ ಇಡುತ್ತವೆ. ಮೊಟ್ಟೆಯೊಡೆದು ಬಂದ ಗೊದಮೊಟ್ಟೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ತಲೆಯ ಎರಡೂ ಬದಿಗೆ ನವಿರಾದ ಕುಚ್ಚು ಕಾಣುತ್ತದೆ. ಅವು ಕಿವಿರುಗಳು. ಕಾಣುವುದು ಕೆಲವೇ ದಿನ. ಆಮೇಲೆ ಚರ್ಮದ ಪದರ ಅವನ್ನು ಮುಚ್ಚುತ್ತದೆ, ಕಾಲು ಮೂಡುತ್ತವೆ, ಬಾಲ ಕರಗುತ್ತದೆ, ಕಪ್ಪೆ ದಂಡೆಗೆ ಹಾರುತ್ತದೆ.

ಆ ಕುಚ್ಚನ್ನು ಕೊನೆಯವರೆಗೂ ಹೊತ್ತು ಬಾಳುವ ಜೀವಿಯೊಂದಿದೆ. ಅದರ ಹೆಸರು ಆಕ್ಸೊಲಾಟಲ್. ಕಪ್ಪೆಯಂತೆ ಅದೂ ಉಭಯಚರಿ, ಸಾಲಮ್ಯಾಂಡರ್ ಕುಲದ್ದು. ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊದ ಕೆರೆ-ಕಾಲುವೆಗಳು ಅದರ ತವರು. ಮೈ ಮಾರ್ಪಡಿಸುವ ಥೈರಾಯ್ಡ್ ಹಾರ್ಮೋನು ಅದರಲ್ಲಿ ಸಾಕಷ್ಟು ಏರುವುದಿಲ್ಲ. ಹೀಗಾಗಿ ಮರಿಯ ರೂಪದಲ್ಲೇ ಪ್ರಾಯಕ್ಕೆ ಬರುತ್ತದೆ, ನೀರಲ್ಲೇ ಸಂಸಾರ ಹೂಡುತ್ತದೆ, ನೀರಲ್ಲೇ ಮುಪ್ಪಾಗುತ್ತದೆ. ಚೆನ್ನಾಗಿ ಸಾಕಿದರೆ ಹತ್ತು-ಹದಿನೈದು ವರ್ಷ ಬದುಕುತ್ತದೆ.

2021ರಲ್ಲಿ ಮೈನ್‌ಕ್ರಾಫ್ಟ್ ಎಂಬ ಆಟಕ್ಕೆ ಈ ಪ್ರಾಣಿ ಸೇರಿತು. ಅಂದಿನಿಂದ ಮೊಬೈಲ್ ಹಿಡಿದ ಮಕ್ಕಳಿಗೆ ಇದರ ಮುಖ ಪರಿಚಿತ. ಅಗಲ ಬಾಯಿ, ಸದಾ ನಗುವಂತಿರುವ ತುಟಿ, ತಲೆಯ ಪಕ್ಕಕ್ಕೆ ಮೂರು ಮೂರರಂತೆ ಆರು ಕಿವಿರು-ಗರಿ. ಇದನ್ನೇ ಸಾಕೋಣ ಎಂಬ ಹಟ ಬೆಂಗಳೂರಿನ ಮನೆಯಲ್ಲಿ ಹುಟ್ಟಿದಷ್ಟೇ ಸುಲಭವಾಗಿ ಮುದ್ದೇಬಿಹಾಳದ ಮನೆಯಲ್ಲೂ ಹುಟ್ಟಬಹುದು. ಆ ಹಟಕ್ಕೆ ಉತ್ತರ ಕೊಡುವ ಮೊದಲು ಹಿರಿಯರು ಪ್ರಾಣಿಯನ್ನು ಸರಿಯಾಗಿ ಅರಿಯಬೇಕು.

ಚಿತ್ರಗಳಲ್ಲಿ ಕಾಣುವ ನಸುಗೆಂಪು ಬಣ್ಣ ಅದರ ಸಹಜ ಬಣ್ಣವಲ್ಲ. ತವರಿನ ನೀರಲ್ಲಿರುವ ಆಕ್ಸೊಲಾಟಲ್ ಕೆಸರಿನ ಹಾಗೆ ಕಂದುಗಪ್ಪು, ಮೈಮೇಲೆ ಅಲ್ಲಲ್ಲಿ ಹೊನ್ನಿನ ಚುಕ್ಕೆ. 1864ರಲ್ಲಿ ಮೆಕ್ಸಿಕೊದಿಂದ ಪ್ಯಾರಿಸ್ಸಿಗೆ 34 ಜೀವಿಗಳನ್ನು ಸಾಗಿಸಿದರು, ಅವುಗಳಲ್ಲಿ ಒಂದು ಬಿಳಿಯದಿತ್ತು. ಅಲ್ಲಿನ ಪ್ರಾಣಿತಜ್ಞ ಆಗಸ್ಟ್ ಡ್ಯುಮೆರಿಲ್ ಅವುಗಳ ಸಂತಾನ ಬೆಳೆಸಿದ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿರುವ ಬಹುಪಾಲು ಆಕ್ಸೊಲಾಟಲ್‌ಗಳ ವಂಶದ ಬೇರು ಆ ಗುಂಪಿನಲ್ಲಿದೆ. ಕಪ್ಪು ಕಣ್ಣಿನ ಬಿಳಿ ಮೈಯವು, ಹಳದಿ ಮೈಯವು, ಪೂರ್ತಿ ಕಪ್ಪಿನವು ಹೀಗೆ ಸಾಕಾಣಿಕೆಯಲ್ಲಿ ಹಲವು ಬಣ್ಣಗಳಿವೆ. ಬಿಳಿಯವುಗಳ ಗರಿ ಕೆಂಪಾಗಿ ಕಾಣುವುದು ಅದರೊಳಗೆ ಹರಿಯುವ ರಕ್ತದಿಂದ.

ಬಾಯಿಯ ಆಕಾರವೇ ಹಾಗಿರುವುದರಿಂದ ಆ ನಗು ಹಿತದ ಗುರುತಲ್ಲ. ನೋಯುವಾಗಲೂ ಅದರ ಮುಖ ನಗುತ್ತಲೇ ಇರುತ್ತದೆ. ಹಾಗಾಗಿ ಸಾಕುವವರು ನೋಡಬೇಕಾದದ್ದು ಗರಿ ಮತ್ತು ಬಾಲ. ಗರಿ ಮುಂದಕ್ಕೆ ಬಾಗಿದರೆ ಅಥವಾ ಬಾಲದ ತುದಿ ಸುರುಳಿಯಾದರೆ ಅದಕ್ಕೆ ಏನೋ ಒಗ್ಗುತ್ತಿಲ್ಲ ಎಂದರ್ಥ. ನೀರಿನ ರಭಸ ಹೆಚ್ಚಿರಬಹುದು, ನೀರು ಕೆಟ್ಟಿರಬಹುದು. ಗರಿಯ ಮೇಲೆ ಹತ್ತಿಯಂಥ ಬಿಳಿ ಎಳೆ ಕಂಡರೆ ಅದು ಬೂಷ್ಟು.

ಕಡಿದುಹೋದ ಕಾಲು ಇದಕ್ಕೆ ಮತ್ತೆ ಬೆಳೆಯುತ್ತದೆ. ಎಲುಬು, ಸ್ನಾಯು, ನರ ಎಲ್ಲ ಸೇರಿ ಇಡೀ ಕಾಲು. ಹೃದಯದ, ಮಿದುಳಿನ ಭಾಗಗಳೂ ಸರಿಹೋಗುತ್ತವೆ. 2018ರಲ್ಲಿ ವಿಜ್ಞಾನಿಗಳು ಇದರ ಇಡೀ ಜೀನೋಮನ್ನು, ಅಂದರೆ ವಂಶವಾಹಿಗಳ ಪೂರ್ಣ ಸರಣಿಯನ್ನು ಓದಿದರು. ಅದು ಮನುಷ್ಯನದಕ್ಕಿಂತ ಹತ್ತುಪಟ್ಟು ದೊಡ್ಡದು. ಆದರೆ ಇಷ್ಟು ಗಟ್ಟಿ ಜೀವವನ್ನೂ ಬಿಸಿ ನೀರು ಕೊಂದುಬಿಡುತ್ತದೆ.

ವಿಜಯಪುರ ಜಿಲ್ಲೆಯ ಮಟ್ಟಿಗೆ ಮುಖ್ಯ ಮಾತು ಇದೇ. ಆಕ್ಸೊಲಾಟಲ್‌ಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ನೀರು ಹಿತ. 24 ದಾಟಿದರೆ ಮೇವು ಬಿಡುತ್ತದೆ, ಬೂಷ್ಟು ಹತ್ತುತ್ತದೆ, ಸಾವು ಹತ್ತಿರವಾಗುತ್ತದೆ. ಬಸವನ ಬಾಗೇವಾಡಿಯಲ್ಲೋ ಇಂಡಿಯಲ್ಲೋ ಡಿಸೆಂಬರಿನ ಚಳಿಯಲ್ಲಿ ಅದು ಹೇಗೋ ನಡೆದೀತು. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿಗೆ ಕೋಣೆಯೊಳಗಿನ ಗಾಜಿನ ತೊಟ್ಟಿಯೂ ಕಾಯುತ್ತದೆ. ಇಲ್ಲಿಯ ಒಣಹವೆಯಲ್ಲಿ ಮಡಕೆಯ ನೀರು ತಂಪಾಗುವ ಬಗೆಯಲ್ಲೇ, ನೀರಿನ ಮೇಲೆ ಫ್ಯಾನ್ ಬೀಸಿದರೆ ತೊಟ್ಟಿಯ ಶಾಖ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆ ಇಳಿತ 18ರವರೆಗೆ ತಲುಪದು. ನೀರು ತಣಿಸುವ ಚಿಲ್ಲರ್ ಯಂತ್ರ ಬೇಕು, ಕರೆಂಟು ಹೋದಾಗ ಅದನ್ನು ನಡೆಸುವ ವ್ಯವಸ್ಥೆಯೂ ಬೇಕು. ಮಂಜುಗಡ್ಡೆಯ ಬಾಟಲಿ ತೇಲಿಬಿಡುವುದು ಒಂದೆರಡು ಗಂಟೆಯ ಆಸರೆ ಮಾತ್ರ.

ತಂಪಿನ ಏರ್ಪಾಡಾದರೆ ಉಳಿದದ್ದು ಶ್ರದ್ಧೆಯ ಕೆಲಸ. ಒಂದು ಜೀವಕ್ಕೆ 75 ಲೀಟರಿನಷ್ಟಾದರೂ ನೀರು ಬೇಕು. ನಲ್ಲಿಯ ನೀರಿನ ಕ್ಲೋರಿನ್ ತೆಗೆದೇ ಬಳಸಬೇಕು. ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕಾರು ವಾರ ಹಿಡಿಯುತ್ತದೆ. ಪ್ರಾಣಿ ಬರುವ ಮೊದಲೇ ಆ ತಯಾರಿ ಮುಗಿದಿರಬೇಕು, ಇಲ್ಲವಾದರೆ ಅಮೋನಿಯ ಅದರ ಕಿವಿರನ್ನು ಸುಡುತ್ತದೆ. ಕಣ್ಣಿಗೆ ರೆಪ್ಪೆಯಿಲ್ಲದ ಕಾರಣ ಬೆಳಕು ಮಂದವಾಗಿರಬೇಕು. ಅಡಗಲು ಅಂಚು ನುಣುಪಾದ ಒಂದು ಮಡಕೆ ಸಾಕು. ತೊಟ್ಟಿಯ ತಳಕ್ಕೆ ಬಣ್ಣದ ಹರಳು ಹಾಕುವ ಚಾಳಿ ಮಾತ್ರ ಬೇಡವೇ ಬೇಡ. ಏಕೆಂದರೆ ಇದು ಮೇವನ್ನು ಕಚ್ಚಿ ಅಗಿಯುವುದಿಲ್ಲ. ಥಟ್ಟನೆ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಹರಳು ಒಳಹೋದರೆ ಕರುಳು ಕಟ್ಟುತ್ತದೆ.

ಮೇವಿನ ವಿಷಯದಲ್ಲಿ ಮಾತ್ರ ಈ ನಾಡು ಅನುಕೂಲ. ಆಕ್ಸೊಲಾಟಲ್‌ಗೆ ಎರೆಹುಳುವಿಗಿಂತ ಒಳ್ಳೆಯ ಊಟವಿಲ್ಲ. ಗೊಬ್ಬರದ ತೊಟ್ಟಿಗಳಲ್ಲಿ ಸಾಕುವ ಹುಳುಗಳಲ್ಲಿ ದೊಡ್ಡದಾದ ಆಫ್ರಿಕದ ತಳಿಯನ್ನು ಇಷ್ಟಪಟ್ಟು ತಿನ್ನುತ್ತದೆ. ಸಣ್ಣ ಕೆಂಪು ಹುಳು ಕಹಿ ದ್ರವ ಬಿಡುವುದರಿಂದ ಎಷ್ಟೋ ಸಲ ಉಗುಳುತ್ತದೆ. ದ್ರಾಕ್ಷಿ ತೋಟದ, ತೊಗರಿ ಹೊಲದ ಮಣ್ಣಿಗೆ ಔಷಧ ಹೊಡೆದಿದ್ದರೆ ಅಲ್ಲಿಯ ಹುಳು ತರಬಾರದು. ಮರಿಗೆ ದಿನವೂ, ಬೆಳೆದದ್ದಕ್ಕೆ ಎರಡು-ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಉಳಿದ ಚೂರನ್ನು ಅಂದೇ ತೆಗೆಯಬೇಕು. ಮರಿಗಳನ್ನು ಒತ್ತೊತ್ತಾಗಿ ಬಿಟ್ಟು ಹಸಿವಿಗೆ ಕೆಡವಿದರೆ ಒಂದರ ಕಾಲನ್ನು ಇನ್ನೊಂದು ಕಚ್ಚಿ ತಿನ್ನುತ್ತದೆ.

ಕಾನೂನಿನ ಮಾತೂ ಇದೆ. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿ ಆಕ್ಸೊಲಾಟಲ್ ಹೆಸರಿದೆ. ಅಂಥ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂದು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದಿದೆ, 2024ರಲ್ಲಿ ಅದರ ನಿಯಮಗಳೂ ಪ್ರಕಟವಾಗಿವೆ. ಮಾರುವವರ ಬಾಯಿಮಾತನ್ನು ನಂಬಿ ತರುವುದು ತಪ್ಪು.

ಸಾಕಲಾಗದೆ ಬೇಸತ್ತು ಭೀಮೆಗೋ ಕೃಷ್ಣೆಗೋ ಆಲಮಟ್ಟಿಯ ಹಿನ್ನೀರಿಗೋ ಬಿಡುವುದು ಇನ್ನೂ ದೊಡ್ಡ ತಪ್ಪು. ಬಿಸಿ ನೀರಲ್ಲಿ ಅದು ಸಾಯುತ್ತದೆ, ಅದು ಹೊತ್ತು ತಂದ ರೋಗ ಇಲ್ಲಿಯ ಕಪ್ಪೆಗಳಿಗೆ ಹತ್ತಬಹುದು. ಹೊರಗಿನ ಜೀವಿಯನ್ನು ಕೆರೆಗೆ ಬಿಟ್ಟದ್ದರ ಫಲ ಸೊಚಿಮಿಲ್ಕೊದಲ್ಲೇ ಇದೆ. ನಮ್ಮಲ್ಲಿ ಜಿಲೇಬಿ ಎನ್ನುವ ತಿಲಾಪಿಯ ಮೀನನ್ನೂ ಗೆಂಡೆ ಮೀನನ್ನೂ ಅಲ್ಲಿ ತಂದು ಬಿಟ್ಟರು. ಅವು ಆಕ್ಸೊಲಾಟಲ್‌ನ ಮೊಟ್ಟೆ-ಮರಿಗಳನ್ನು ತಿಂದವು, ನಗರದ ಕೊಳಚೆ ನೀರನ್ನು ಕೆಡಿಸಿತು. 1998ರ ಗಣತಿಯಲ್ಲಿ ಚದರ ಕಿಲೋಮೀಟರಿಗೆ 6000 ಇದ್ದ ಜೀವಿ 2014ಕ್ಕೆ 36ಕ್ಕೆ ಇಳಿದಿತ್ತು. ಮೆಕ್ಸಿಕೊ ತನ್ನ 50 ಪೆಸೊ ನೋಟಿನ ಮೇಲೆ ಅದರ ಚಿತ್ರ ಅಚ್ಚು ಹಾಕಿದೆ. ಅಲ್ಲಿನ ವಿಜ್ಞಾನಿ ಲೂಯಿಸ್ ಸಾಂಬ್ರಾನೊ ಮತ್ತು ಸಂಗಡಿಗರು ನೀರ ನಡುವೆ ಮಡಿ ಕಟ್ಟಿ ಬೆಳೆ ತೆಗೆಯುವ ರೈತರ ಜೊತೆ ಸೇರಿ, ಅವರ ಕಾಲುವೆಗಳಿಗೆ ಸೋಸುಬೇಲಿ ಕಟ್ಟಿ ಆ ಜೀವಿಗೆ ಆಸರೆ ಮಾಡುತ್ತಿದ್ದಾರೆ.

ಮೇ ತಿಂಗಳ ನಡುಹಗಲಲ್ಲೂ 18 ಡಿಗ್ರಿಯ ನೀರು ಕೊಡಬಲ್ಲವರು ಆಕ್ಸೊಲಾಟಲ್ ಸಾಕಲಿ, ಉಳಿದವರು ಅದನ್ನು ತರಬಾರದು. ಹಟ ಹಿಡಿದ ಮಕ್ಕಳಿದ್ದರೆ ಈ ಮಿರಗಕ್ಕೆ ಒಂದು ಗಾಜಿನ ಬಟ್ಟಲು, ಒಂದು ಭೂತಗನ್ನಡಿ ಹಿಡಿದು ಅವರನ್ನು ಹೊಲದ ತಗ್ಗಿಗೆ ಕರೆದೊಯ್ಯಿರಿ. ಆಗತಾನೆ ಮೊಟ್ಟೆಯೊಡೆದ ಗೊದಮೊಟ್ಟೆಯ ತಲೆಯ ಬದಿಯ ಕುಚ್ಚನ್ನು ತೋರಿಸಿ, ನೋಡಿಯಾದ ಮೇಲೆ ಅವರ ಕೈಯಿಂದಲೇ ಅದನ್ನು ಅದೇ ನೀರಿಗೆ ಬಿಡಿಸಿ.