ಕೆಲಸ ಸಿಕ್ಕಿತಾ ಎಂದು ಮೊದಲ ವಾರವೇ ಕೇಳಬೇಡಿ

(ಸ್ವೀಡನ್‌ನಲ್ಲಿ ಓದುತ್ತಿರುವ ಕರಾವಳಿಯ ವಿದ್ಯಾರ್ಥಿಗಳ ಪರವಾಗಿ ಗಲ್ಫ್ ಕುಟುಂಬಗಳ ಸಭೆಯಲ್ಲಿ ಆಡಿದ ಮಾತು)



ಹಿರಿಯರೇ, ಉಮ್ಮಂದಿರೇ, ಈ ವರ್ಷ ಅರ್ಜಿ ಹಾಕಲಿರುವ ತಮ್ಮ ತಂಗಿಯರೇ,

ನಿಮ್ಮಲ್ಲಿ ಹೆಚ್ಚಿನವರು ಮೊದಲ ಸಲ ವಿಮಾನ ಹತ್ತಿದ್ದು ಕಂಪೆನಿಯ ವೀಸಾದಲ್ಲಿ. ಇಳಿದಾಗ ಕರೆದುಕೊಂಡು ಹೋಗಲು ಒಬ್ಬ ಬಂದಿದ್ದ, ಕ್ಯಾಂಪಿನಲ್ಲಿ ಒಂದು ಮಂಚ ಇತ್ತು, ಉಣ್ಣಲು ಮೆಸ್ ಇತ್ತು. ಸುಖವಾಗಿತ್ತು ಅಂತ ನಾವು ಹೇಳುವುದಿಲ್ಲ. ಆದರೆ ಒಳ್ಳೆಯವನೋ ಕೆಟ್ಟವನೋ, ಕಫೀಲ್ ಅಂತ ಒಬ್ಬ ಇದ್ದ. ಸ್ವೀಡನ್‌ಗೆ ಓದಲು ಹೋಗುವ ಮಕ್ಕಳಿಗೆ ಅಂಥವರು ಯಾರೂ ಇಲ್ಲ. ವಿಶ್ವವಿದ್ಯಾಲಯ ಸೀಟು ಕೊಡುತ್ತದೆ, ದಾರಿ ಹೇಳುತ್ತದೆ. ನಡೆಯಬೇಕಾದವರು ನಾವೇ.

ಮೊದಲು ಹಣದ ಮಾತು. ಅಲ್ಲಿ ಓದು ಉಚಿತ ಅಂತ ಈಗಲೂ ಹೇಳುವವರಿದ್ದಾರೆ. 2011ರಿಂದ ಯುರೋಪಿನ ಹೊರಗಿನವರು ಶುಲ್ಕ ಕಟ್ಟಬೇಕು. ಆಗಸ್ಟ್ ಕೊನೆಗೆ ಶುರುವಾಗುವ ಮಾಸ್ಟರ್ಸ್‌ಗೆ ಜನವರಿ ಮಧ್ಯದೊಳಗೆ ಅರ್ಜಿ ಹಾಕಬೇಕು. ಸೀಟು ಸಿಕ್ಕ ಮೇಲೆ ಮೊದಲ ಕಂತು ಕಟ್ಟಿ, ಆಮೇಲೆ ವಾಸದ ಪರವಾನಗಿಗೆ ಅರ್ಜಿ. ಅದಕ್ಕೆ ತಿಂಗಳಿಗೆ ಹತ್ತು ಸಾವಿರ ಕ್ರೋನಾಗಿಂತ ಹೆಚ್ಚಿನ ಲೆಕ್ಕದಲ್ಲಿ ಹಣ ತೋರಿಸಬೇಕು, ಅದೂ ಮಕ್ಕಳ ಸ್ವಂತ ಹೆಸರಿನ ಖಾತೆಯಲ್ಲಿ. ನಮ್ಮವರಲ್ಲಿ ಒಂದು ಉಪಾಯ ಉಂಟಲ್ಲ, ನೆಂಟರಿಂದ ತಂದು ಬ್ಯಾಂಕಿನಲ್ಲಿಟ್ಟು ತೋರಿಸಿ ವಾಪಸ್ ಕೊಡುವುದು? ಇಲ್ಲಿ ಅದು ಬೇಡವೇ ಬೇಡ. ಆ ಹಣ ಬರೀ ತೋರಿಸಲಿಕ್ಕಲ್ಲ, ಉಣ್ಣಲಿಕ್ಕೆ, ಬಾಡಿಗೆ ಕಟ್ಟಲಿಕ್ಕೆ. ಪರವಾನಗಿ ಕೈಗೆ ಬಂದ ಮರುದಿನ ಅದು ನೆಂಟರ ಮನೆಗೆ ಹಿಂತಿರುಗಿದರೆ ಸೆಪ್ಟೆಂಬರಿನಲ್ಲಿ ಮಗು ಏನು ತಿನ್ನಬೇಕು?

ಇನ್ನು ಕೊಠಡಿ. ಲುಂಡ್, ಉಪ್ಸಾಲ, ಸ್ಟಾಕ್‌ಹೋಮ್‌ನಂಥ ಊರುಗಳಲ್ಲಿ ಸೀಟಿಗಿಂತ ಕೊಠಡಿ ಸಿಗುವುದೇ ಕಷ್ಟ. ವಿದ್ಯಾರ್ಥಿ ವಸತಿಗೆ ಸರದಿ ಪಟ್ಟಿ ಇರುತ್ತದೆ, ಅದರಲ್ಲಿ ಹೆಸರು ಬರೆಸಿದ ದಿನದಿಂದಲೇ ಲೆಕ್ಕ. ಶುಲ್ಕ ಕಟ್ಟುವ ವಿದೇಶಿ ವಿದ್ಯಾರ್ಥಿಗಳಿಗೆ ಕೆಲವು ವಿಶ್ವವಿದ್ಯಾಲಯಗಳು ಕೊಠಡಿಯ ಖಾತ್ರಿ ಕೊಡುತ್ತವೆ, ಆದರೆ ಅವರು ಹೇಳಿದ ದಿನಾಂಕದೊಳಗೆ ಕೇಳಿದರೆ ಮಾತ್ರ. ಫೇಸ್‌ಬುಕ್‌ನಲ್ಲಿ ಚಂದದ ಫೋಟೊ ಹಾಕಿ, ಕೀಲಿಕೈ ಕೊಡುವ ಮೊದಲೇ ಅಡ್ವಾನ್ಸ್ ಕೇಳುವವನಿಗೆ ಒಂದು ಕ್ರೋನಾ ಕೂಡ ಕಳಿಸಬೇಡಿ.

ಇಖಾಮ ಕೈಗೆ ಬರುವವರೆಗೆ ನೀವು ಹೇಗೆ ಅರ್ಧ ಮನುಷ್ಯರಾಗಿ ಇದ್ದಿರಿ ನೆನಪಿದೆಯಾ? ಸ್ವೀಡನ್‌ನಲ್ಲೂ ಅದೇ ಕಥೆ. ಅಲ್ಲಿ ತೆರಿಗೆ ಇಲಾಖೆ ಕೊಡುವ ಒಂದು ಸಂಖ್ಯೆ ಉಂಟು, ಪರ್ಸೋನ್‌ನುಮ್ಮರ್ ಎನ್ನುತ್ತಾರೆ. ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಇರಲು ಬಂದವರಿಗೆ ಮಾತ್ರ ಅದು ಸಿಗುವುದು, ಸಿಗಲು ವಾರಗಳೇ ಹಿಡಿಯುತ್ತವೆ. ಅದಿಲ್ಲದೆ ಬ್ಯಾಂಕ್ ಖಾತೆ ಕಷ್ಟ. ಖಾತೆ ಇಲ್ಲದೆ ಬ್ಯಾಂಕ್‌ಐಡಿ ಇಲ್ಲ. ಬ್ಯಾಂಕ್‌ಐಡಿ ಇಲ್ಲದೆ ಸ್ವಿಶ್ ಇಲ್ಲ, ಅಂದರೆ ನಮ್ಮ ಗೂಗಲ್ ಪೇ ಥರದ್ದು. ನೋಟು ತೋರಿಸಿದರೆ ಸಿಟಿ ಬಸ್ಸಿನಲ್ಲಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ವಿದೇಶದಲ್ಲಿ ನಡೆಯುವ ಕಾರ್ಡ್, ಅದರಲ್ಲಿ ಎರಡು ತಿಂಗಳ ಖರ್ಚು, ಇದು ಊರಿನಿಂದಲೇ ಬೇಕು.

ಓದಿನ ಕ್ರಮ ನಮ್ಮ ಮಂಗಳೂರಿನ ಕಾಲೇಜಿನಂತಲ್ಲ. ಮೊದಲ ದಿನ ಹೆಸರು ಕರೆಯುವ ಉಪ್‌ರೂಪ್ ಎಂಬುದಿದ್ದರೆ ಹಾಜರಿರಲೇಬೇಕು, ಇಲ್ಲದಿದ್ದರೆ ಸೀಟೇ ಹೋಗಬಹುದು. ಆದ್ದರಿಂದ ಟಿಕೆಟ್ ಅಗ್ಗವಿದೆ ಅಂತ ಒಂದು ವಾರ ತಡವಾಗಿ ಹೊರಡಬೇಡಿ. ಹತ್ತು ಗಂಟೆಯ ಕ್ಲಾಸು ಹತ್ತೂಕಾಲಿಗೆ ಶುರುವಾಗುತ್ತದೆ, ಅದು ಅಲ್ಲಿಯ ಹಳೇ ಪದ್ಧತಿ. ಪ್ರೊಫೆಸರನ್ನು ಹೆಸರು ಹಿಡಿದೇ ಕರೆಯಬೇಕು. ಸರ್ ಎಂದು ಎದ್ದು ನಿಂತರೆ ಅವರಿಗೇ ಮುಜುಗರ. ಕ್ಲಾಸು ಕಡಿಮೆ, ವಾರಕ್ಕೆ ಕೆಲವೇ ಗಂಟೆ. ಹೊಸಬರು ಇದನ್ನು ನೋಡಿ ಬಿಡುವು ಎಂದುಕೊಳ್ಳುತ್ತಾರೆ. ಬಿಡುವಲ್ಲ ಅದು. ಪೂರ್ಣಾವಧಿ ಓದು ಎಂದರೆ ವಾರಕ್ಕೆ 40 ಗಂಟೆ, ಉಳಿದದ್ದನ್ನು ನಾವೇ ಕೂತು ಓದಬೇಕು. ಎಷ್ಟೋ ಕಡೆ ಒಂದು ವಿಷಯ ಐದು ವಾರದಲ್ಲೇ ಮುಗಿದು ಪರೀಕ್ಷೆ ಬಂದುಬಿಡುತ್ತದೆ.

ನಾವು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದೇ. ಈ ಐದು ವಾರಗಳಲ್ಲಿ ಊರಿನಿಂದ ಬರುವ ಫೋನಿನಲ್ಲಿ ಮೊದಲ ಪ್ರಶ್ನೆ, "ಪಾರ್ಟ್ ಟೈಮ್ ಏನಾದರೂ ಸಿಕ್ಕಿತಾ?" ಕೇಳುವುದು ಪ್ರೀತಿಯಿಂದಲೇ, ಗೊತ್ತು. ಆದರೆ ಆ ಪ್ರಶ್ನೆ ಕೇಳಿದ ಹುಡುಗ ಪುಸ್ತಕ ಮುಚ್ಚಿ ಹೋಟೆಲಿನ ಪಾತ್ರೆ ತೊಳೆಯಲು ಓಡುತ್ತಾನೆ. ಭಾಷೆ ಬಾರದವರಿಗೆ ಮೊದಲ ತಿಂಗಳಲ್ಲಿ ಕೆಲಸ ಸಿಗುವುದೇ ಅಪರೂಪ. ಸಿಕ್ಕಿದರೂ ಅದರಿಂದ ಶುಲ್ಕ ಹುಟ್ಟುವುದಿಲ್ಲ. ಪರೀಕ್ಷೆ ಹೋದರೆ ಮರುಪರೀಕ್ಷೆ ಉಂಟು, ನಿಜ. ಆದರೆ ಪರವಾನಗಿ ಮುಂದುವರಿಸುವಾಗ ಓದಿನಲ್ಲಿ ಪ್ರಗತಿ ತೋರಿಸಬೇಕು. ನಿಮ್ಮ ಹದಿನೈದು ವರ್ಷದ ಉಳಿತಾಯ ನಿಂತಿರುವುದು ಆ ಅಂಕಗಳ ಮೇಲೆ.

ಉಮ್ಮಂದಿರಿಗೆ ಒಂದು ಮಾತು. ತುಪ್ಪ, ಮಾಂಸದ ಉಪ್ಪಿನಕಾಯಿ ಕಟ್ಟಿ ಕೊಡಬೇಡಿ. ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ. ಒಣಮೀನಿಗೆ ಅಡ್ಡಿಯಿಲ್ಲ. ಆದರೆ ಎಂಟು ಹತ್ತು ಜನ ಹಂಚಿಕೊಳ್ಳುವ ಅಡುಗೆಮನೆಯಲ್ಲಿ ಅದನ್ನು ಹುರಿಯುವುದಕ್ಕೆ ಧೈರ್ಯ ಬೇಕು ಮಾರಾಯರೇ! ಸ್ವಾಗತದ ವಾರದಲ್ಲಿ ಕುಡಿತದ ಪಾರ್ಟಿಗಳೂ ಇರುತ್ತವೆ. ಬೇಡ ಎಂದರೆ ಮುಗಿಯಿತು. ಅದಕ್ಕೆ ಹೆದರಿ ಮಕ್ಕಳು ಯಾರೊಂದಿಗೂ ಬೆರೆಯದೆ ಕೊಠಡಿಯಲ್ಲಿ ಕೂತರೆ ಅದೇ ದೊಡ್ಡ ನಷ್ಟ. ಅಲ್ಲಿಯವರು ತಾವಾಗಿ ಬಂದು ಮಾತಾಡಿಸುವುದು ಕಡಿಮೆ, ಆದರೆ ಕೇಳಿದರೆ ಚೆನ್ನಾಗಿ ಹೇಳುತ್ತಾರೆ. ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೂರು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಳುಹ್ರ್, ಅಸರ್, ಮಗ್ರಿಬ್ ಒಂದರ ಹಿಂದೆ ಒಂದು ಬರುವ ಆ ದಿನಗಳಲ್ಲಿ ಜೊತೆಗೊಬ್ಬ ಗೆಳೆಯ ಬೇಕಾಗ್ತದೆ.

ಫೋನ್ ಮಾಡುವವರು ಸಮಯ ನೋಡಿಕೊಳ್ಳಿ. ಬೇಸಿಗೆಯಲ್ಲಿ ಸ್ವೀಡನ್ ಸೌದಿಗಿಂತ ಒಂದು ಗಂಟೆ ಹಿಂದೆ, ಊರಿಗಿಂತ ಮೂರೂವರೆ ಗಂಟೆ ಹಿಂದೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಇನ್ನೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಊರಿನಲ್ಲಿ ಸುಬಹಿ ಮುಗಿಸಿ ನೀವು ಕರೆ ಮಾಡುವಾಗ ಅಲ್ಲಿ ಮಗು ಓದಿ ಮಲಗಿ ಸ್ವಲ್ಪ ಹೊತ್ತಾಗಿರುತ್ತದೆ.