ಜಾಲತಾಣದ ಕನ್ನಡ ಮತ್ತು ಓದಿನ ಅಳತೆಗೋಲು



ದತ್ತಿ ಉಪನ್ಯಾಸಕ್ಕೆ ಒಬ್ಬ ಕವಿಯನ್ನೋ ಒಂದು ಕೃತಿಯನ್ನೋ ಆರಿಸಿಕೊಳ್ಳುವುದು ರೂಢಿ. ನಾನು ಆರಿಸಿಕೊಂಡಿರುವುದು ಯಾರೂ ಸಾಹಿತ್ಯ ಎಂದು ಕರೆಯದ ಬರಹವನ್ನು. ಬೆಳೆ ವಿಮೆಯ ವಿವರ, ವಿದ್ಯಾರ್ಥಿವೇತನದ ಪ್ರಕಟಣೆ, ಆಸ್ಪತ್ರೆಯ ಸೂಚನೆ, ಸುದ್ದಿತಾಣದ ವರದಿ. ಮೊಬೈಲಿನ ಪರದೆಯ ಮೇಲೆ ನಮ್ಮ ಜನ ದಿನವೂ ಓದಲು ಹೊರಟು, ಅರ್ಧಕ್ಕೇ ಬಿಡುವ ಕನ್ನಡ ಇದು. ಅರ್ಧಕ್ಕೇ ಬಿಟ್ಟವನು ಓದಲು ಬಾರದವನಲ್ಲ, ಸೋಮಾರಿಯೂ ಅಲ್ಲ. ಬರಹ ಅವನನ್ನು ಹೊರಗೆ ನಿಲ್ಲಿಸಿತು, ಅಷ್ಟೆ. ಅದು ಯಾವ ಜಾಗದಲ್ಲಿ ನಿಲ್ಲಿಸಿತು ಎಂದು ಪತ್ತೆ ಹಚ್ಚಲು ಸಾಧ್ಯವಿದೆ, ಅದಕ್ಕೆ ಅಳತೆಗಳೂ ಇವೆ. ಆದರೆ ಇಂಗ್ಲಿಷಿಗಾಗಿ ಮಾಡಿದ ಅಳತೆಗೋಲು ಕನ್ನಡಕ್ಕೆ ಒಗ್ಗುವುದಿಲ್ಲ. ನಮ್ಮದನ್ನು ನಾವೇ ಮಾಡಿಕೊಳ್ಳಬೇಕು. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ.

ಬರಹದ ಸುಲಭ-ಕಷ್ಟಗಳನ್ನು ಅಂಕಿಗಳಲ್ಲಿ ಹಿಡಿಯುವ ಪ್ರಯತ್ನಕ್ಕೆ ನೂರು ವರ್ಷ ದಾಟಿದೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1921ರಲ್ಲಿ ಶಿಕ್ಷಕರಿಗಾಗಿ ಹತ್ತು ಸಾವಿರ ಪದಗಳ ಪಟ್ಟಿ ಮಾಡಿದರು. ಯಾವ ಪದ ಎಷ್ಟು ಸಲ ಬಳಕೆಯಾಗುತ್ತದೆ ಎಂಬ ಲೆಕ್ಕ ಅದು. ಅದರ ಮೇಲೆ ಹಲವರು ಕಟ್ಟಿದರು. ಎಲ್ಲರಿಗಿಂತ ಹೆಚ್ಚು ಹೆಸರಾದವರು ರುಡಾಲ್ಫ್ ಫ್ಲೆಶ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಊರು ಬಿಟ್ಟು ಅಮೆರಿಕ ಸೇರಿದವರು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತ ಮನುಷ್ಯನೇ ಆ ಭಾಷೆಯ ಬರಹಗಾರರಿಗೆ ಸರಳತೆಯ ಪಾಠ ಹೇಳಿದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. 1948ರಲ್ಲಿ ಅವರು ಕೊಟ್ಟ ಸೂತ್ರ ಹೀಗಿದೆ: ಒಂದು ವಾಕ್ಯದಲ್ಲಿ ಸರಾಸರಿ ಎಷ್ಟು ಪದ ಎಂಬುದನ್ನು 1.015ರಿಂದ ಗುಣಿಸಿ, ಒಂದು ಪದದಲ್ಲಿ ಸರಾಸರಿ ಎಷ್ಟು ಉಚ್ಚಾರದ ತುಣುಕು ಎಂಬುದನ್ನು 84.6ರಿಂದ ಗುಣಿಸಿ, ಎರಡನ್ನೂ 206.835ರಿಂದ ಕಳೆಯಿರಿ. ಬಂದ ಅಂಕ ಸಾಮಾನ್ಯವಾಗಿ 0ಯಿಂದ 100ರ ಒಳಗಿರುತ್ತದೆ. ಹೆಚ್ಚಾದಷ್ಟೂ ಸುಲಭ. 1975ರಲ್ಲಿ ಪೀಟರ್ ಕಿನ್‌ಕೇಡ್ ಮತ್ತು ಸಂಗಡಿಗರು ಅಮೆರಿಕದ ನೌಕಾಪಡೆಯ ಕೈಪಿಡಿಗಳಿಗಾಗಿ ಇದನ್ನೇ ಶಾಲೆಯ ತರಗತಿಯ ಲೆಕ್ಕಕ್ಕೆ ತಿರುಗಿಸಿದರು. ಗನ್ನಿಂಗ್, ಮೆಕ್‌ಲಾಫ್ಲಿನ್ ಮೊದಲಾದವರ ಸೂತ್ರಗಳೂ ಹೆಚ್ಚುಕಡಿಮೆ ಇದೇ ದಾರಿಯವು: ಉದ್ದ ವಾಕ್ಯ ಕಷ್ಟ, ಉದ್ದ ಪದ ಕಷ್ಟ.

ಜಾಲತಾಣಗಳು ಬಂದ ಮೇಲೆ ಈ ಹಳೆಯ ಲೆಕ್ಕಗಳಿಗೆ ಹೊಸ ಜೀವ ಬಂತು. ಪರದೆಯ ಮೇಲೆ ಜನ ಹೇಗೆ ಓದುತ್ತಾರೆ ಎಂದು ಜಾನ್ ಮೋರ್ಕ್ಸ್ ಮತ್ತು ಯಾಕೋಬ್ ನೀಲ್ಸನ್ 1997ರಲ್ಲಿ ಪರೀಕ್ಷಿಸಿದರು. ಹೊಸ ಪುಟ ತೆರೆದಾಗ ನೂರಕ್ಕೆ 79 ಮಂದಿ ಕಣ್ಣಾಡಿಸಿದರು. ಪದ ಪದವಾಗಿ ಓದಿದವರು 16 ಮಂದಿ ಮಾತ್ರ. ಒಂದೇ ಪುಟದ ಮಾತುಗಳನ್ನು ಅರ್ಧಕ್ಕೆ ಇಳಿಸಿದಾಗ ಅದರ ಉಪಯುಕ್ತತೆಯ ಅಂಕ 58 ಶೇಕಡ ಏರಿತು. ಕಣ್ಣಿಗೆ ಸಿಗುವಂತೆ ಉಪಶೀರ್ಷಿಕೆ, ಪಟ್ಟಿ ಹಾಕಿದಾಗ 47 ಶೇಕಡ. ಜಾಹೀರಾತಿನ ಹೊಗಳಿಕೆಯನ್ನು ತೆಗೆದುಹಾಕಿದ್ದಕ್ಕೇ 27 ಶೇಕಡ. ಮೂರನ್ನೂ ಕೂಡಿಸಿದಾಗ 124 ಶೇಕಡ. ಮೂರನೆಯ ಅಂಕಿ ಸಂಪಾದಕರು ಗೋಡೆಗೆ ಹಚ್ಚಿಕೊಳ್ಳಬೇಕಾದದ್ದು. ಬಣ್ಣಬಣ್ಣದ ವಿಶೇಷಣ ಓದುಗನನ್ನು ಹಿಡಿದಿಡುತ್ತದೆ ಎಂಬ ನಂಬಿಕೆ ಸುಳ್ಳು. ಅದು ನಿಜವೋ ಅಲ್ಲವೋ ಎಂದು ತೂಗುವ ಕೆಲಸವನ್ನು ಓದುಗನ ತಲೆಗೆ ಹಾಕುತ್ತದೆ.

ಬ್ರಿಟನ್ ಸರ್ಕಾರ 2012ರಲ್ಲಿ ತನ್ನ ಇಲಾಖೆಗಳ ಮಾಹಿತಿಯನ್ನು ಒಂದೇ ತಾಣಕ್ಕೆ ತರಲು ಶುರು ಮಾಡಿತು. ಒಂಬತ್ತು ವರ್ಷದ ಮಗುವಿನ ಓದಿನ ಮಟ್ಟಕ್ಕೆ ಬರೆಯಿರಿ, 25 ಪದ ಮೀರಿದ ವಾಕ್ಯವನ್ನು ಒಡೆಯಬಹುದೇ ನೋಡಿ ಎಂದು ಅದರ ಬರಹಗಾರರಿಗೆ ಹೇಳಲಾಯಿತು. ಓದುವವರು ಪೆದ್ದರು ಎಂದಲ್ಲ. ಅವಸರದಲ್ಲಿ, ಆತಂಕದಲ್ಲಿ, ಬೇರೆ ಭಾಷೆಯ ಮನೆಯಿಂದ ಬಂದು ಓದುವವರಿಗೂ ಅದು ದಕ್ಕಬೇಕು ಎಂದು.

ಈಗ ಕನ್ನಡಕ್ಕೆ ಬರೋಣ. ಒಂದನೆಯ ತರಗತಿಯ ಮಗುವಿಗೂ ತಿಳಿಯುವ ವಾಕ್ಯ ತೆಗೆದುಕೊಳ್ಳಿ:

ಅಜ್ಜಿ ಮೊಮ್ಮಗನಿಗೆ ಬೆಲ್ಲ ಕೊಟ್ಟಳು.

ನಾಲ್ಕು ಪದ. ಉಚ್ಚಾರದ ತುಣುಕಿನ ಜಾಗದಲ್ಲಿ ಅಕ್ಷರಗಳನ್ನು ಎಣಿಸಿದರೆ 2, 5, 2, 3, ಒಟ್ಟು 12. ಪದಕ್ಕೆ ಸರಾಸರಿ ಮೂರು. ಫ್ಲೆಶ್ ಸೂತ್ರಕ್ಕೆ ಹಾಕಿ. 206.835ರಲ್ಲಿ 4.06 ಹೋಯಿತು, 253.8 ಹೋಯಿತು. ಉಳಿದದ್ದು ಸೊನ್ನೆಗಿಂತ ಕೆಳಗೆ 51! ಇಂಗ್ಲಿಷಿನ ಕಾನೂನು ಪತ್ರಕ್ಕೂ ಸಾಮಾನ್ಯವಾಗಿ ಬಾರದ ಅಂಕ ಅಜ್ಜಿಯ ಬೆಲ್ಲಕ್ಕೆ ಬಂತು.

ಅಕ್ಷರ ಬೇಡ, ಲಿಪಿಯ ಚಿಹ್ನೆಗಳನ್ನು ಎಣಿಸೋಣ ಎನ್ನುವ ಸೂತ್ರಗಳೂ ಇವೆ. ಸ್ವೀಡನ್ನಿನ ಬ್ಯೋರ್ನ್‌ಸನ್ 1968ರಲ್ಲಿ ಮಾಡಿದ ಲಿಕ್ಸ್ ಅಳತೆಯಲ್ಲಿ ವಾಕ್ಯದ ಸರಾಸರಿ ಉದ್ದಕ್ಕೆ, ಆರಕ್ಕಿಂತ ಹೆಚ್ಚು ಚಿಹ್ನೆಗಳಿರುವ ಪದಗಳ ಶೇಕಡಾವಾರನ್ನು ಕೂಡಿಸುತ್ತಾರೆ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ‘ಕೊಟ್ಟಳು’ ಎಂಬುದು ಏಳು ಸಂಕೇತ, ‘ಮೊಮ್ಮಗನಿಗೆ’ ಹತ್ತು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ ಬೇಕು. ಹಾಗಾಗಿ ನಮ್ಮ ವಾಕ್ಯದ ಲಿಕ್ಸ್ ಅಂಕ ನಾಲ್ಕಕ್ಕೆ ಐವತ್ತು ಸೇರಿ 54. ಸ್ವೀಡಿಷ್ ಓದುಗರ ಲೆಕ್ಕದಲ್ಲಿ 50 ದಾಟಿದ್ದು ಕಠಿಣ, ಸರ್ಕಾರಿ ಬರಹದ ಮಟ್ಟ.

ತಪ್ಪು ಸೂತ್ರದ್ದಲ್ಲ. ಇಂಗ್ಲಿಷಿನಲ್ಲಿ ಬಿಡಿ ಬಿಡಿಯಾಗಿ ನಿಲ್ಲುವ ಪುಟ್ಟ ಪದಗಳ ಕೆಲಸವನ್ನು ಕನ್ನಡದಲ್ಲಿ ಪ್ರತ್ಯಯಗಳು ಮಾಡುತ್ತವೆ. ವಿಭಕ್ತಿ, ಕಾಲ, ಲಿಂಗ, ವಚನ, ‘ಊ’ ‘ಏ’ಗಳೆಲ್ಲ ಪದಕ್ಕೇ ಅಂಟಿಕೊಂಡು ಬರುತ್ತವೆ. ಆದ್ದರಿಂದ ಪದ ಉದ್ದ, ವಾಕ್ಯದಲ್ಲಿ ಪದ ಕಡಿಮೆ. ಇದು ಭಾಷೆಯ ಜಾಯಮಾನ, ಕಷ್ಟದ ಗುರುತಲ್ಲ.

ಭಾರತೀಯ ಭಾಷೆಗಳಲ್ಲಿ ಈ ಕೆಲಸ ನಡೆದೇ ಇಲ್ಲ ಎಂದಲ್ಲ. ಐಐಟಿ ಖರಗ್‌ಪುರದ ಸಂಶೋಧಕರು 2012ರಲ್ಲಿ ಬಾಂಗ್ಲಾ ಮತ್ತು ಹಿಂದಿಗೆ ಹೊಸ ಅಳತೆಗಳನ್ನು ಸೂಚಿಸಿದರು. ಇಂಗ್ಲಿಷಿನ ಸೂತ್ರಗಳು ಅಲ್ಲೂ ಸೋತಿದ್ದವು. ಅವರು ಸಂಯುಕ್ತಾಕ್ಷರಗಳ ಎಣಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಇದು ನಮಗೆ ಹತ್ತಿರದ ದಾರಿ. ಆದರೆ ಇದನ್ನೂ ಹಾಗೇ ಎತ್ತಿಕೊಳ್ಳುವಂತಿಲ್ಲ. ಮತ್ತೆ ಆ ವಾಕ್ಯ ನೋಡಿ: ಅಜ್ಜಿ, ಮೊಮ್ಮಗ, ಬೆಲ್ಲ, ಕೊಟ್ಟಳು. ನಾಲ್ಕೂ ಪದಗಳಲ್ಲಿ ಒತ್ತು ಇದೆ! ಪ್ರಾಥಮಿಕ ಶಾಲೆಯಲ್ಲಿ ಕಲಿತದ್ದು ಇಲ್ಲಿ ನೆರವಿಗೆ ಬರುತ್ತದೆ. ಅದೇ ಅಕ್ಷರಕ್ಕೆ ಅದೇ ಒತ್ತು ಬಂದರೆ ಸಜಾತೀಯ, ಬೇರೆ ಒತ್ತು ಬಂದರೆ ವಿಜಾತೀಯ. ಅಕ್ಕ, ಅಪ್ಪ, ಹಳ್ಳಿ, ಮಣ್ಣು, ಎಲ್ಲವೂ ಸಜಾತೀಯ, ಎಲ್ಲವೂ ಮನೆಮಾತು. ‘ಕಾರ್ಯಾನುಷ್ಠಾನ’, ‘ಪ್ರಾತ್ಯಕ್ಷಿಕೆ’ಯಂಥವು ಬೇರೆ ಸಾಲಿನವು. ಕನ್ನಡದ ಅಳತೆ ಎರಡು ಬಗೆಯ ಒತ್ತುಗಳನ್ನು ಬೇರೆ ಬೇರೆಯಾಗಿ ಎಣಿಸಬೇಕು. ಸಜಾತೀಯಕ್ಕೆ ಭಾರ ಹೊರಿಸಬಾರದು.

ಅಲ್ಲಿಗೂ ಮುಗಿಯುವುದಿಲ್ಲ. ‘ಕಷ್ಟ’, ‘ರಾತ್ರಿ’, ‘ಪುಸ್ತಕ’ಗಳಲ್ಲಿ ವಿಜಾತೀಯ ಒತ್ತಿದೆ, ಆದರೆ ಅವು ಯಾರಿಗೂ ಕಷ್ಟವಲ್ಲ. ಹಾಗಾದರೆ ಕಷ್ಟ ಸಂಸ್ಕೃತದ್ದೇ? ಬರಹ ಜನರಿಗೆ ದಕ್ಕಬೇಕು ಎಂಬ ಚರ್ಚೆ ನಮ್ಮಲ್ಲಿ ಬಹಳ ಹಳೆಯದು. ಕನ್ನಡದಲ್ಲಿ ಸಂಸ್ಕೃತವನ್ನು ತುರುಕುವುದನ್ನು ನಯಸೇನ 1112ರ ಹೊತ್ತಿನ ‘ಧರ್ಮಾಮೃತ’ದಲ್ಲೇ ಆಕ್ಷೇಪಿಸಿದ. ಆಂಡಯ್ಯ ಸಂಸ್ಕೃತ ಪದಗಳನ್ನು ಹಾಗೇ ಬಳಸದೆ ‘ಕಬ್ಬಿಗರ ಕಾವ’ವನ್ನೇ ಬರೆದು ತೋರಿಸಿದ. ಇಂದಿನ ವಿದ್ಯಾರ್ಥಿಗೆ ಆಂಡಯ್ಯನನ್ನು ಓದಲು ನಿಘಂಟು ಬೇಕು. ‘ವಿದ್ಯಾರ್ಥಿ’ ಎಂಬ ಸಂಸ್ಕೃತ ಪದಕ್ಕೆ ಬೇಡ. ಪದ ಎಲ್ಲಿಂದ ಬಂತು ಎಂಬುದಕ್ಕಿಂತ ಎಷ್ಟು ಕಿವಿಗಳಿಗೆ ಬಿದ್ದಿದೆ ಎಂಬುದೇ ಮುಖ್ಯ. ಅಚ್ಚಗನ್ನಡದ ಪರ ವಿರೋಧದ ವಾದವನ್ನು ಜಾಲತಾಣದ ಬರಹಗಾರ ಇಲ್ಲಿಗೇ ಬಿಡಬೇಕು. ಅವನಿಗೆ ಬೇಕಾದದ್ದು ಪರಿಚಿತ ಪದಗಳ ಪಟ್ಟಿ. ಎಡ್ಗರ್ ಡೇಲ್ ಮತ್ತು ಜೀನ್ ಚಾಲ್ ಇಂಗ್ಲಿಷಿಗೆ 1948ರಲ್ಲಿ ಸುಮಾರು 3000 ಪದಗಳ ಪಟ್ಟಿ ಕೊಟ್ಟರು. ಅದರ ಹೊರಗಿನ ಪದ ಎಷ್ಟಿದೆ ಎಂಬುದೇ ಅವರ ಸೂತ್ರದ ಜೀವಾಳ. ಕನ್ನಡದಲ್ಲಿ ಇದನ್ನು ಮಾಡಲು ಮೊದಲು ಪದವನ್ನು ಬಿಡಿಸಬೇಕು. ‘ಮನೆಯವರೊಂದಿಗೂ’ ಎಂಬುದರೊಳಗೆ ‘ಮನೆ’ ಇದೆ ಎಂದು ಯಂತ್ರಕ್ಕೆ ತಿಳಿಯಬೇಕು. ಸಂಧಿ ಬಿಡಿಸಬೇಕು. ಇದು ವ್ಯಾಕರಣ ಬಲ್ಲವರೂ ತಂತ್ರಾಂಶ ಬಲ್ಲವರೂ ಒಂದೇ ಮೇಜಿಗೆ ಕೂತು ಮಾಡುವ ಕೆಲಸ.

ಇನ್ನು ವಾಕ್ಯ. ನಮ್ಮ ಪ್ರಕಟಣೆಗಳ ಧಾಟಿಯಲ್ಲಿ ಒಂದು ಮಾದರಿ ವಾಕ್ಯ ಕಟ್ಟಿದ್ದೇನೆ:

ಸದರಿ ಯೋಜನೆಯಡಿ ಪ್ರಯೋಜನ ಪಡೆಯಲಿಚ್ಛಿಸುವ ಅರ್ಹ ಅಭ್ಯರ್ಥಿಗಳು ನಿಗದಿತ ನಮೂನೆಯಲ್ಲಿ ಅಗತ್ಯ ದಾಖಲಾತಿಗಳೊಂದಿಗೆ ನಿಗದಿತ ದಿನಾಂಕದೊಳಗೆ ಅರ್ಜಿಯನ್ನು ಸಲ್ಲಿಸತಕ್ಕದ್ದು.

ಇದರಲ್ಲಿರುವುದು ಹದಿನಾಲ್ಕೇ ಪದ. ಬ್ರಿಟನ್ನಿನ 25 ಪದದ ಮಿತಿಯಲ್ಲಿ ಇದು ಆರಾಮವಾಗಿ ಪಾಸಾಗುತ್ತದೆ. ಆದರೆ ಓದುವವನ ಪಾಡು ನೋಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹದಿಮೂರು ಪದಗಳನ್ನು ತಲೆಯಲ್ಲಿ ಹೊತ್ತುಕೊಂಡು ಹದಿನಾಲ್ಕನೆಯದಕ್ಕೆ ಕಾಯಬೇಕು. ಕಾದ ಮೇಲೆ ಸಿಕ್ಕಿದ್ದೇನು? ಯಾವ ನಮೂನೆ, ಯಾವ ದಾಖಲೆ, ಯಾವ ದಿನಾಂಕ, ಒಂದೂ ಇಲ್ಲ. ‘ನಿಗದಿತ’ ಎರಡು ಸಲ ಬಂದಿದೆ, ಎರಡು ಸಲವೂ ಏನನ್ನೂ ನಿಗದಿ ಮಾಡಿಲ್ಲ. ಇದನ್ನೇ ಹೀಗೆ ಬರೆಯಬಹುದು:

ಈ ಯೋಜನೆಗೆ ಅರ್ಜಿ ಹಾಕಲು ಮೂರು ಕಾಗದ ಬೇಕು: ಪಡಿತರ ಚೀಟಿ, ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್. ಇವುಗಳ ನಕಲನ್ನು ಅರ್ಜಿಯ ಜೊತೆ ಜುಲೈ 31ರೊಳಗೆ ತಾಲ್ಲೂಕು ಕಚೇರಿಗೆ ಕೊಡಿ.

ಪದಗಳ ಸಂಖ್ಯೆ ಹೆಚ್ಚಾಯಿತು, ಓದು ಹಗುರಾಯಿತು. ಹಾಗಾದರೆ ಕನ್ನಡದಲ್ಲಿ ಎಣಿಸಬೇಕಾದದ್ದು ಬರೀ ಪದಗಳನ್ನಲ್ಲ. ಕ್ರಿಯಾಪದ ಬರುವ ಮುಂಚೆ ಎಷ್ಟು ಪದ ಕಾಯಬೇಕು, ನಾಮಪದದ ಮುಂದೆ ಎಷ್ಟು ‘ಇರುವ’ ‘ಮಾಡಿದ’ ‘ಇಚ್ಛಿಸುವ’ಗಳು ಸಾಲುಗಟ್ಟಿವೆ, ಎಷ್ಟು ವಾಕ್ಯ ‘ಲಾಗಿದೆ’ ‘ತಕ್ಕದ್ದು’ಗಳಲ್ಲಿ ಮುಗಿಯುತ್ತದೆ ಎಂಬುದನ್ನು. ‘ಲಾಗಿದೆ’ ಹೆಚ್ಚಾದಷ್ಟೂ ಕೆಲಸ ಮಾಡುವವರು ಯಾರು ಎಂಬುದು ಮರೆಯಾಗುತ್ತದೆ, ಓದುಗ ಯಾರ ಬಾಗಿಲು ತಟ್ಟಬೇಕು ಎಂದು ತಿಳಿಯದೆ ಉಳಿಯುತ್ತಾನೆ.

ಅಳತೆಯಿಂದ ಒಂದು ಅಪಾಯವೂ ಇದೆ. ಬರಹ ಹಾಕುವ ತಂತ್ರಾಂಶಗಳಲ್ಲಿ ಇಂದು ಓದಿನ ಅಂಕ ತೋರಿಸುವ ಹಸಿರು, ಕೆಂಪು ದೀಪಗಳಿವೆ. ಹಸಿರು ಬರಲಿ ಎಂದು ವಾಕ್ಯಗಳನ್ನು ಕತ್ತರಿಸುತ್ತಾ ಹೋಗುವ ಚಟ ಸುಲಭವಾಗಿ ಅಂಟುತ್ತದೆ. ಶಾಲಾ ಪಠ್ಯಗಳನ್ನು ಸೂತ್ರಕ್ಕೆ ತಕ್ಕಂತೆ ಕತ್ತರಿಸಿದಾಗ ಏನಾಗುತ್ತದೆಂದು ಡೇವಿಸನ್ ಮತ್ತು ಕ್ಯಾಂಟರ್ 1982ರಲ್ಲೇ ತೋರಿಸಿದ್ದರು: ವಾಕ್ಯ ವಾಕ್ಯಗಳ ನಡುವಿನ ಕೊಂಡಿ ಕಳಚಿ, ಪಠ್ಯ ಕೆಲವೆಡೆ ಮೊದಲಿಗಿಂತ ಕಷ್ಟವಾಗಿತ್ತು. ಕನ್ನಡದಲ್ಲಿ ಈ ಅಪಾಯ ಇನ್ನೂ ಹೆಚ್ಚು. ‘ಮಳೆ ಬಂದಿದ್ದರಿಂದ ಬಿತ್ತನೆ ತಡವಾಯಿತು’ ಎಂಬುದನ್ನು ‘ಮಳೆ ಬಂತು. ಬಿತ್ತನೆ ತಡವಾಯಿತು’ ಎಂದು ಒಡೆದರೆ ಅಂಕ ಏರುತ್ತದೆ, ಕಾರಣ ಕಳೆದುಹೋಗುತ್ತದೆ. ನಮ್ಮ ಭಾಷೆಯಲ್ಲಿ ಕಾರಣ ಕೂತಿರುವುದು ಆ ಉದ್ದ ಪದದ ಬಾಲದಲ್ಲೇ. ಅದಕ್ಕೇ ನಾನು ಹೇಳುವುದು, ಅಂಕವನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಎಲ್ಲಿ ನಿಂತು ನೋಡಬೇಕು ಎಂದು ಅದು ಬೆರಳು ತೋರಿದರೆ ಸಾಕು.

ತಾಣದ ಅಂಕಿಗಳನ್ನೂ ಇದೇ ಎಚ್ಚರದಿಂದ ಓದಬೇಕು. ಪುಟದಲ್ಲಿ ಹೆಚ್ಚು ಹೊತ್ತು ಇದ್ದರು ಎಂದರೆ ಆಸಕ್ತಿಯಿಂದ ಓದಿದರು ಎಂದು ಸಂಪಾದಕರು ಹಿಗ್ಗುತ್ತಾರೆ. ಅರ್ಜಿಯ ಪುಟದಲ್ಲಿ ಹೆಚ್ಚು ಹೊತ್ತು ಇದ್ದವನು ಬಹುಶಃ ಅರ್ಥವಾಗದೆ ಮೇಲೆ ಕೆಳಗೆ ಹುಡುಕಾಡುತ್ತಿದ್ದ. ಲೇಖನಕ್ಕೆ ಒಂದು ಲೆಕ್ಕ, ಸೂಚನೆಗೆ ಇನ್ನೊಂದು. ಸೂಚನೆಯ ಪುಟಕ್ಕೆ ಸರಿಯಾದ ಪ್ರಶ್ನೆ ಇದು: ಓದಿದವರಲ್ಲಿ ಎಷ್ಟು ಮಂದಿ ಅರ್ಜಿಯನ್ನು ತಪ್ಪಿಲ್ಲದೆ ಮುಗಿಸಿದರು, ಎಷ್ಟು ಮಂದಿ ಅದೇ ವಿಷಯ ಕೇಳಲು ಮತ್ತೆ ಫೋನ್ ಮಾಡಿದರು?

ಎಲ್ಲ ಸೂತ್ರಗಳಿಗಿಂತ ನನಗೆ ನಂಬಿಕೆ ಇರುವುದು ಒಂದು ಸರಳ ಪರೀಕ್ಷೆಯಲ್ಲಿ. ವಿಲ್ಸನ್ ಟೇಲರ್ 1953ರಲ್ಲಿ ಇದನ್ನು ಪತ್ರಿಕೋದ್ಯಮದ ಒಂದು ನಿಯತಕಾಲಿಕೆಯಲ್ಲಿ ವಿವರಿಸಿದರು. ಬರಹದಲ್ಲಿ ಪ್ರತಿ ಐದನೆಯ ಪದವನ್ನು ಅಳಿಸಿ, ಓದುಗರಿಗೆ ತುಂಬಲು ಹೇಳುವುದು. ನಮ್ಮ ಶಾಲೆಯ ‘ಬಿಟ್ಟ ಸ್ಥಳ ತುಂಬಿ’ಯೇ ಇದು. ತುಂಬಲು ಆಯಿತು ಎಂದರೆ ಬರಹ ಓದುಗನ ಮನಸ್ಸಿನ ಜಾಡಿನಲ್ಲೇ ಸಾಗುತ್ತಿದೆ. ಆಗಲಿಲ್ಲ ಎಂದರೆ ಎಲ್ಲಿ ತಪ್ಪಿತು ಎಂದು ಆ ಖಾಲಿ ಜಾಗಗಳೇ ಹೇಳುತ್ತವೆ. ಕನ್ನಡದಲ್ಲಿ ಮಾಡುವಾಗ ಪ್ರತ್ಯಯ ಬೇರೆಯಾದರೂ ಮೂಲಪದ ಸರಿಯಿದ್ದರೆ ಅರ್ಧ ಅಂಕ ಕೊಡಬಹುದು. ಇದಕ್ಕೆ ಕಂಪ್ಯೂಟರ್ ಬೇಡ, ಹಣ ಬೇಡ. ಕಾಗದ, ಪೆನ್ನು, ಹತ್ತು ಮಂದಿ ಓದುಗರು ಸಾಕು. ಕಲಬುರಗಿಯ ಓದುಗರೂ ಪುತ್ತೂರಿನ ಓದುಗರೂ ಒಂದೇ ಜಾಗದಲ್ಲಿ ಎಡವುತ್ತಾರೆಯೇ ಎಂಬುದನ್ನೂ ಇದರಿಂದಲೇ ತಿಳಿಯಬಹುದು.

ಆದ್ದರಿಂದ ಈ ವೇದಿಕೆಯಿಂದ ನನ್ನ ಕೋರಿಕೆ ಎರಡು. ಕನ್ನಡ ವಿಭಾಗ ಮತ್ತು ಗಣಕ ವಿಜ್ಞಾನ ವಿಭಾಗದ ಅಧ್ಯಾಪಕರು ಸೇರಿ ಪರಿಚಿತ ಪದಗಳ ಪಟ್ಟಿಯೊಂದನ್ನು, ಪದ ಬಿಡಿಸುವ ಸಲಕರಣೆಯೊಂದನ್ನು ಮಾಡಿ, ಎಲ್ಲರಿಗೂ ಬಳಸಲು ಮುಕ್ತವಾಗಿ ಬಿಡಿ. ವಿದ್ಯಾರ್ಥಿಗಳೇ, ನೀವು ಅಲ್ಲಿಯವರೆಗೆ ಕಾಯಬೇಕಿಲ್ಲ. ನಿಮ್ಮ ತಾಲ್ಲೂಕಿನ ಯಾವುದಾದರೂ ತಾಣದಿಂದ ಒಂದು ಪುಟ ತೆಗೆದುಕೊಳ್ಳಿ, ಐದನೆಯ ಪದಗಳನ್ನು ಅಳಿಸಿ, ನಿಮ್ಮ ಮನೆಯವರಿಗೂ ನೆರೆಯವರಿಗೂ ಕೊಟ್ಟು ತುಂಬಿಸಿ. ಬಂದ ಉತ್ತರಗಳನ್ನು, ನೀವು ತಿದ್ದಿ ಬರೆದ ಪುಟದ ಜೊತೆಗೆ, ಆ ತಾಣ ನಡೆಸುವವರಿಗೆ ಕಳುಹಿಸಿ.